ಲ್ಯಾಪ್‌ಟಾಪಿನ ಮೈ ಮುಟ್ಟಿ ನೋಡಿದ್ದು

ಇವತ್ತು ರವಿವಾರ. ಬೆಳಗಿನ ಎರಡನೆಯ ಚಹಾ ಬಾಯಿಗೆ ಹಿಡಿದಿದ್ದೆ, ಪಡಸಾಲೆಯಿಂದ ಒಂದು ವಾಸನೆ ಬಂತು. ಕಾದ ಧೂಳಿನ ವಾಸನೆ. ಬಹಳ ದಿನ ಮೂಲೆಗಿಟ್ಟ ಇಸ್ತ್ರಿ ಪೆಟ್ಟಿಗೆಯನ್ನು ಬಿಸಿಗೆ ಹಚ್ಚಿದಾಗ ಬರುತ್ತದಲ್ಲ, ಅದೇ ಜಾತಿಯದು. ಅಲ್ಲಿ ನನ್ನ ಮಗಳು ರೂಪಾ ಕುಳಿತು ಕಾರು ಓಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಕಾರಿದೆ ಎಂದು ದಯವಿಟ್ಟು ತಿಳಿದುಕೊಳ್ಳಬೇಡಿ. ಇರುವುದು ಒಂದು ಲ್ಯಾಪ್‌ಟಾಪು. ಕಾರು ಅದರೊಳಗಿದೆ.

ಆ ವಾಸನೆಗೆ ನನ್ನ ಮೂಗಿಗಿಂತ ಮೊದಲು ಹೊಟ್ಟೆಗೆ ಎಚ್ಚರವಾಯಿತು. ಹಸಿವೆಯಿಂದಲ್ಲ. ಈ ಲ್ಯಾಪ್‌ಟಾಪು ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಸಣ್ಣದೊಂದು ಕಿಚ್ಚು ಹತ್ತಿಕೊಳ್ಳುತ್ತದೆ. ಅದಕ್ಕೆ ಹೆಸರೂ ಉಂಟು, ಊರೂ ಉಂಟು. ಹೆಸರು ಮಲ್ಲಪ್ಪ, ಊರು ಬಬಲೇಶ್ವರ. ಸಂಬಂಧದಲ್ಲಿ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಗೊಬ್ಬರ, ಬೀಜ, ಪೈಪು ಮಾರುವ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಮನುಷ್ಯ. ಆತ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಡೆದದ್ದನ್ನು ಹೇಳುವ ಮೊದಲು ನನ್ನ ಘನತೆಯ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅದು ಎಷ್ಟು ಎತ್ತರದಿಂದ ಬಿತ್ತು ಎಂಬುದು ನಿಮಗೆ ತಿಳಿಯುವುದಿಲ್ಲ. ನಾನು ದನದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದು ನಿವೃತ್ತನಾದವನು. ಮನುಷ್ಯರಿಗೆ ಸೂಜಿ ಚುಚ್ಚುವವನಿಗಿಂತ ಎತ್ತಿಗೆ ಚುಚ್ಚುವವನಿಗೆ ನಮ್ಮ ತಿಕೋಟಾ ಭಾಗದಲ್ಲಿ ಒಂದು ತೂಕ ಮರ್ಯಾದೆ ಹೆಚ್ಚು. ಮನುಷ್ಯ ಬರೇ ಒದರುತ್ತಾನೆ, ಎತ್ತು ಒದೆಯುತ್ತದೆ. ಆ ಮರ್ಯಾದೆಯ ಮೇಲೆ ಜೈನಾಪುರದ ಬೀಗರು ಒಮ್ಮೆ ಎಮ್ಮೆ ಕೊಳ್ಳುವಾಗ ನನ್ನನ್ನು ಕರೆದೊಯ್ದರು. ಎಮ್ಮೆ ಛಲೋ ಬಂತು. ಮುಂದೆ ಅವರೇ ಪಂಪ್‌ಸೆಟ್ಟಿಗೆ ಕರೆದರು, ಅದೂ ಛಲೋ ಬಂತು. ಅಲ್ಲಿಂದ ನನ್ನ ಕೀರ್ತಿ ಜಾನುವಾರು ಜಗತ್ತನ್ನು ದಾಟಿತು. ಹೊಲಿಗೆ ಮಷೀನು, ಕುಕ್ಕರು, ಗೋಡೆ ಗಡಿಯಾರ, ಭೂತನಾಳದ ಸೋದರಳಿಯನ ಮೋಟರ್‌ಸೈಕಲ್ಲು, ಎಲ್ಲಕ್ಕೂ ನಾನೇ ಬೇಕು. ವಿಧಾನ ಒಂದೇ: ಎತ್ತಿ ನೋಡುವುದು, ಕಿವಿಗೊಡುವುದು, ಮೈ ಮುಟ್ಟಿ ನೋಡುವುದು. ಅಂಗಡಿಯವರು ನಗುತ್ತಿದ್ದರು, ನಗಲಿ. “ಅಣ್ಣಾರು ಮುಟ್ಟಿ ಹೂಂ ಅಂದ್ರ ಮುಗೀತ್ರಿ” ಎಂದು ಬಳಗ ಹೇಳುತ್ತಿತ್ತು. ನನಗೆ ಹೊಲವಿಲ್ಲ, ಮಹಡಿ ಮನೆಯಿಲ್ಲ. ಆ ಒಂದು ಮಾತೇ ನನ್ನ ಆಸ್ತಿ. ಅದನ್ನು ಮಗಳ ಬಾಯಿಂದ ಒಂದು ಸಲ ಕೇಳಿಬಿಟ್ಟರೆ ಸಾಕು ಎಂಬುದು ಒಳಗಿನ ಆಸೆ.

ನಾಲ್ಕು ವರ್ಷದ ಹಿಂದೆ ಆ ಅವಕಾಶ ತಾನಾಗಿ ನಡೆದು ಬಂತು. ವಿಜಯಪುರದ ಕಾಲೇಜಿಗೆ ಆಗಷ್ಟೇ ಹೊರಟಿದ್ದ ರೂಪಾ ಒಂದು ಸಂಜೆ ರೊಟ್ಟಿ ಮುರಿಯುತ್ತ ಹೇಳಿದಳು: “ಅಪ್ಪಾ, ನನಗೊಂದು ಲ್ಯಾಪ್‌ಟಾಪ್ ಬೇಕು. ಓದಾಕ. ಮತ್ತ ಸುಳ್ಳ್ಯಾಕ ಹೇಳ್ಲಿ, ಆಡಾಕೂ ಬೇಕು.”

“ಏನ್ ಆಡಾಕ?” ಎಂದಳು ನನ್ನ ಹೆಂಡತಿ.

“ಕಾರ್ ರೇಸ್.”

“ಮನ್ಯಾಗ ಸೈಕಲ್ಲಿಲ್ಲ, ಕಾರ್ ಓಡಸ್ತಾಳಂತ! ಕೇಳ್ರಿ ನಿಮ್ಮ ಮಗಳ ಮಾತು.”

ನಾನು ಕೇಳುತ್ತಿರಲಿಲ್ಲ. ಆಗಲೇ ಮನಸ್ಸಿನಲ್ಲಿ ವಿಜಯಪುರದ ಅಂಗಡಿಯೊಳಗೆ ನಿಂತು ಲ್ಯಾಪ್‌ಟಾಪೊಂದರ ಮೈ ಸವರುತ್ತಿದ್ದೆ. “ಕಿಸೆಗೆ ನಿಲುಕೂದು ತರೂಣು. ಆದರ ನೋಡಿ ತರೂಣು” ಎಂದೆ, ತೀರ್ಪು ಓದುವ ನ್ಯಾಯಾಧೀಶನಂತೆ. ಮರುದಿನದಿಂದ ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು ಅಧ್ಯಯನಕ್ಕೆ ಕುಳಿತೆ. ಪ್ರೊಸೆಸರು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು. ಆ ಹುಡುಗರು ಇವನ್ನೆಲ್ಲ ಎಷ್ಟು ಜೋರಾಗಿ ಹೇಳುತ್ತಾರೆಂದರೆ, ಮುಗಿಯುವ ಹೊತ್ತಿಗೆ ಕಿವಿ ಗುಂಯ್ ಎನ್ನುತ್ತಿತ್ತು, ತಲೆಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ನನಗೆ ಚಿಂತೆಯಾಗಲಿಲ್ಲ. ಕೈಯಂತೂ ಇತ್ತಲ್ಲ.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು, ಕಡಬು ತಿನ್ನಲು ಮಲ್ಲಪ್ಪನೂ ಬಂದ. ಉಂಡವನು ಸುಮ್ಮನೆ ಎಲೆಯಡಿಕೆ ಹಾಕಿಕೊಳ್ಳಬಾರದೇ? ಸುದ್ದಿ ಕೇಳಿ ರೂಪಾಳ ಹತ್ತಿರ ಸರಿದು ಕುಳಿತ. “ಏನ್ ಆಡ್ತೀಯವ್ವಾ ನೀ? ತೋರ್ಸು ನನಗ” ಎಂದ. ಅವಳು ತನ್ನ ಒಡಕು ಗಾಜಿನ ಮೊಬೈಲು ತೆಗೆದಳು. ಆತ ಅದರೊಳಗೆ ಮುಖವಿಟ್ಟು ಕುಳಿತವನು ಬಿಸಿಲು ಅಂಗಳ ದಾಟುವವರೆಗೆ ಏಳಲಿಲ್ಲ. ನಡುನಡುವೆ “ಅಗಾಗಾ, ಹೊಡದಿ ನೋಡು ಗ್ವಾಡಿಗೆ!” ಎಂದು ಕೂಗುತ್ತಿದ್ದ. “ತಿರುವಿನ್ಯಾಗ ಚಿತ್ರ ಮುಗ್ಗರಸಾಕತ್ತೈತಲ್ಲ ತಂಗಿ, ಅದಕ ನೀ ಹೊಡ್ಯಾಕತ್ತಿ” ಎಂದ. ಅವಳ ಕಣ್ಣು ಅರಳಿತು. “ಹೌದು ಕಾಕಾ! ಅದನ್ನ ಎಷ್ಟು ಸಲ ಹೇಳೇನಿ, ಈ ಮನ್ಯಾಗ ಯಾರಿಗೂ ತಿಳೀವಲ್ದು!”

ಈ ಮನೆಯಲ್ಲಿ ಯಾರು ಯಾರಿದ್ದರು, ನೀವೇ ಲೆಕ್ಕ ಹಾಕಿ. ನನ್ನ ಬಾಯಲ್ಲಿದ್ದ ಕಡಬಿಗೆ ಬೆಲ್ಲ ಹಾಕುವುದು ಮರೆತಂತೆ ಅನ್ನಿಸಿತು.

ಅಂಗಡಿಗೆ ಹೋಗುವ ದಿನ ಆತನನ್ನು ಕರೆದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ರೂಪಾ ಅವ್ವನತ್ತ ಬೆರಳು ಮಾಡುತ್ತಾಳೆ, ಅವ್ವ ರೂಪಾಳತ್ತ. ನಾನು, ಮಗಳು ಬಸ್ಸಿಳಿದು ಗೋಳಗುಮ್ಮಟದ ಹತ್ತಿರದ ಆ ಅಂಗಡಿ ಮುಟ್ಟಿದಾಗ ಮಲ್ಲಪ್ಪ ಗಾಡಿಗೆ ಸ್ಟ್ಯಾಂಡ್ ಹಾಕಿ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದ. “ಬರ್ರಿ ಅಣ್ಣಾರ, ನೀವು ಮುಟ್ಟಿ ನೋಡೂದು ನೋಡಾಕಂತ ಬಂದೀನಿ” ಎಂದ. ಅದರಲ್ಲಿ ಚೇಷ್ಟೆಯಿತ್ತೋ ಭಕ್ತಿಯಿತ್ತೋ, ಆತನ ಮುಖ ನೋಡಿ ಹೇಳುವುದು ಕಠಿಣ.

ಅಂಗಡಿಯ ಹೆಣ್ಣುಮಗಳು ನಮ್ಮ ಕಿಸೆಯ ಅಳತೆ ಕೇಳಿ ಎರಡು ಲ್ಯಾಪ್‌ಟಾಪು ತಂದಿಟ್ಟಳು. ಒಂದು ತೆಳ್ಳಗೆ, ಬೆಳ್ಳಿಯ ಬಣ್ಣದ್ದು, ಮದುವೆಯ ಪತ್ರಿಕೆಯಂತೆ ಹಗುರ. ಇನ್ನೊಂದು ಕರ್ರಗೆ, ದಪ್ಪಗೆ, ಹೋದ ವರ್ಷದ ಮಾಡೆಲ್ಲಾದ್ದರಿಂದ ದರ ಇಳಿದದ್ದು. ನಾನು ಅಂಗಿಯ ತೋಳು ಮಡಿಚಿದೆ. ಮೊದಲನೆಯದನ್ನು ಎತ್ತಿದೆ, ಹಗುರ. ಕೀಲು ತೆಗೆದು ಮುಚ್ಚಿದೆ, ಮೆತ್ತಗಿತ್ತು. ಕಿವಿಯಿಟ್ಟೆ, ಸದ್ದೇ ಇಲ್ಲ. ಮೈ ಮುಟ್ಟಿದೆ, ತಣ್ಣಗೆ, ಭಾವಿಯ ಕಟ್ಟೆಯಂತೆ. ಎರಡನೆಯದರಲ್ಲಿ ಆಕೆ ಒಂದು ಕಾರಿನ ಆಟ ಹಚ್ಚಿ ತೋರಿಸಿದಳು. ಹಚ್ಚಿದ್ದೇ ತಡ, ಒಳಗಿನ ಫ್ಯಾನು ಭರ್ರೆಂದು ಏದುಸಿರು ಬಿಡತೊಡಗಿತು. ಕೈಯ ಹಿಂಬದಿಯನ್ನು ಅದರ ಪಕ್ಕೆಗೆ ಹಚ್ಚಿದೆ. ಬಿಸಿ! ಸರ್ವಿಸಿನ ತುಂಬ ಇಂಥ ಪಕ್ಕೆಗಳನ್ನು ಮುಟ್ಟಿದವನು ನಾನು. ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ:

“ಇದಕ್ಕ ಜ್ವರ ಬಂದೈತಿ. ಬ್ಯಾಡ.”

ಅಂಗಡಿಯ ಹೆಣ್ಣುಮಗಳು ಗಲ್ಲಾಪೆಟ್ಟಿಗೆಯ ಕೆಳಗೆ ಏನೋ ಹುಡುಕುವವಳಂತೆ ಬಗ್ಗಿದಳು. ರೂಪಾ ಕಣ್ಣು ಮುಚ್ಚಿಕೊಂಡಳು. ಮಲ್ಲಪ್ಪ ಮಾತ್ರ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

“ಅಲ್ರಿ ಅಣ್ಣಾರ,” ಎಂದ ಬಹಳ ಮೆತ್ತಗೆ, “ನೇಗಿಲಿಗೆ ಹೂಡಿದ ಎತ್ತಿನ ಮೈ ಬಿಸಿ ಇರೂದ್ರಿ. ದುಡ್ಯಾಕತ್ತೈತಿ, ಉಸರಬಿಡ್ತೈತಿ. ನಿಮ್ಮ ದವಾಖಾನಿಗೆ ದುಡಿಯೋ ಎತ್ತು ಎಲ್ಲಿ ಬರ್ತಿದ್ದೂರಿ? ಬರೇ ಜಡ್ಡಾದೂವು ಬರ್ತಿದ್ದೂವು. ಅದಕ ಬಿಸಿ ಕಂಡಲ್ಲಿ ನಿಮಗ ಜ್ವರ ಅನಸ್ತೈತಿ.”

ನಾನು ಮಡಿಚಿದ್ದ ತೋಳು ಬಿಚ್ಚಿಕೊಂಡೆ. ಆತ ಆಮೇಲೆ ಕೇಳಿದ್ದು ಹೆಚ್ಚೇನಲ್ಲ. ತೆಳ್ಳಗಿನದರಲ್ಲಿ ಗ್ರಾಫಿಕ್ಸ್ ಕಾರ್ಡು ಬೇರೆ ಐತೇನು? ಇಲ್ಲ. ದಪ್ಪದರಲ್ಲಿ? ಐತಿ. ರ‍್ಯಾಮು ಈಗ ಕಡಿಮೆ ಇದ್ದರೂ ಮುಂದೆ ಕೈಯಲ್ಲಿ ರೊಕ್ಕ ಆಡಿದಾಗ ಹಾಕಲು ಜಾಗ ಖಾಲಿ ಐತೇನು? ಐತಿ. ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ ಹತ್ತುವ ಮತ್ತೊಂದು ತುಟ್ಟಿ ಲ್ಯಾಪ್‌ಟಾಪನ್ನು ಆಕೆ ತೋರಿಸಿದಾಗ, “ಅದು ಹಬ್ಬಕ್ಕ ಎತ್ತಿನ ಮೈಮ್ಯಾಲ ಬಣ್ಣದ ಝೂಲಾ ಹೊದಿಸಿದಂಗವ್ವಾ, ಝೂಲಾ ಹೊಲಾ ಹೊಡ್ಯಾಂಗಿಲ್ಲ, ಒಳಗಿಡು” ಎಂದ. ಕೊನೆಗೆ ರೂಪಾಳತ್ತ ತಿರುಗಿ, “ಓಡ್ಸಿ ನೋಡು. ತಿರುವಿನ್ಯಾಗ ಮುಗ್ಗರಸ್ತೈತೇನು?” ಎಂದು ಕೇಳಿದ. ಅವಳು ಓಡಿಸಿದಳು. ಮುಗ್ಗರಿಸಲಿಲ್ಲ. ಅವಳ ಮುಖ ನೋಡಿದ ಮೇಲೆ ಯಾರೂ ಹೂಂ ಅನ್ನುವ ಜರೂರು ಉಳಿಯಲಿಲ್ಲ. ನಾನು ಹೂಂ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಲ್ಲಪ್ಪ ಗಾಡಿ ಹತ್ತಿ ಬಬಲೇಶ್ವರದ ದಾರಿ ಹಿಡಿದ. ನಾವು ತಿಕೋಟಾ ಬಸ್ಸಿನಲ್ಲಿ ನಿಂತೆವು. ಜ್ವರವೆಂದು ನಾನು ಬೇಡವೆಂದಿದ್ದ ಆ ಭಾರ ನನ್ನ ಎದೆಗೇ ಒರಗಿತ್ತು. ಪಕ್ಕದಲ್ಲಿ ರೂಪಾ ಗೆಳತಿಗೆ ಫೋನು ಹಚ್ಚಿ ಹೇಳುತ್ತಿದ್ದಳು: “ನಮ್ಮ ಕಾಕಾ ಆರಿಸಿದ್ದಲೇ! ನಮ್ಮ ಕಾಕಾ ನೋಡಿದ್ರಂದ್ರ ಮುಗೀತು!” ನನ್ನ ಆಸ್ತಿಯ ಮಾತು ಅಕ್ಷರಶಃ ಬೇರೆಯವರ ಹೆಸರಿಗೆ ವರ್ಗವಾಗುವುದನ್ನು ನಾನು ಬಸ್ಸಿನ ಕಂಬಿ ಹಿಡಿದು ಕೇಳಿದೆ. ಹೊರಗೆ ದ್ರಾಕ್ಷಿ ತೋಟಗಳು ಹಿಂದೆ ಓಡುತ್ತಿದ್ದವು. ಅವೂ ಬಬಲೇಶ್ವರದ ಕಡೆಗೇ ಹೊರಟಂತೆ ಕಂಡವು.

ಮುಂದಿನ ನಾಲ್ಕು ವರ್ಷ ನಾನು ಹೊಟ್ಟೆಕಿಚ್ಚನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದೆ. ಲ್ಯಾಪ್‌ಟಾಪು ಕೆಡಲಿ ಎಂದು ದೇವರಲ್ಲಿ ಎಂದೂ ಬೇಡಲಿಲ್ಲ. ಕೆಟ್ಟರೆ ನನ್ನ ಆಕ್ಷೇಪವೇನೂ ಇಲ್ಲ ಎಂದು ತಿಳಿಸಿಟ್ಟಿದ್ದೆ, ಅಷ್ಟೆ. ಅದು ಕೆಡಲಿಲ್ಲ. ಅವಳ ಡಿಗ್ರಿ ಮುಗಿಸಿತು. ಈಗ ಅವಳು ಊರಲ್ಲೇ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಕೆಲಸಕ್ಕಿದ್ದಾಳೆ, ರವಿವಾರ ಎಲ್ಲೆಲ್ಲಿಯೋ ಇರುವ ಹುಡುಗ ಹುಡುಗಿಯರ ಜೊತೆ ಪಂದ್ಯ ಕಟ್ಟಿ ಓಡಿಸುತ್ತಾಳೆ. ಗೆದ್ದಾಗಲೆಲ್ಲ ಮೊದಲ ಫೋನು ಬಬಲೇಶ್ವರಕ್ಕೆ. ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಶೇಂಗಾ ಬಿಡಿಸುತ್ತ ಕುಳಿತ ಅಪ್ಪನಿಗೆ ಸುದ್ದಿ ಬರುವುದು ಅಲ್ಲಿಂದ ಸುತ್ತು ಹಾಕಿ. “ಅಣ್ಣಾರ, ನಮ್ಮ ಹುಡುಗಿ ಗೆದ್ಲಂತ!” ಎಂದು ಮಲ್ಲಪ್ಪ ನನಗೆ ಫೋನು ಮಾಡಿ ಹೇಳುತ್ತಾನೆ. ‘ನಮ್ಮ ಹುಡುಗಿ’ ಎಂಬಲ್ಲಿ ನಾನು ಶೇಂಗಾದ ಬದಲು ಬೆರಳು ಚಿವುಟಿಕೊಳ್ಳುತ್ತೇನೆ.

ಈಗ ಇವತ್ತಿನ ವಾಸನೆಗೆ ಬರೋಣ.

ಕಪ್ಪು ಕೆಳಗಿಟ್ಟು ಪಡಸಾಲೆಗೆ ಹೋದೆ. ರೂಪಾ ಗಾಬರಿಯಾಗಿದ್ದಳು. ಪಂದ್ಯಕ್ಕೆ ಇನ್ನು ಬಹಳ ಹೊತ್ತಿರಲಿಲ್ಲ, ತಾಲೀಮಿನಲ್ಲೇ ಕಾರು ತಿರುವಿನಲ್ಲಿ ಮುಗ್ಗರಿಸಿ ಗೋಡೆಗೆ ಬೀಳುತ್ತಿತ್ತು. ಫೋನು ಆಗಲೇ ಬಬಲೇಶ್ವರಕ್ಕೆ ಹತ್ತಿತ್ತು, ಸ್ಪೀಕರಿನಲ್ಲಿ ಮಲ್ಲಪ್ಪನ ದನಿ: “ಬಿಸಿ ಇರೂದವ್ವಾ, ದುಡ್ಯಾಕತ್ತೈತಿ. ಅಂಜಬ್ಯಾಡ. ಒಂದೀಟು ಬಂದ್ ಮಾಡಿ ಹಚ್ಚು.”

“ಮಾಡಿದೆ ಕಾಕಾ. ಎರಡು ಸಲ ಮಾಡಿದೆ.”

ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಯಿತು. ಕೈಯ ಹಿಂಬದಿ ಪಕ್ಕೆಗೆ ಹತ್ತಿತು. ಆಮೇಲೆ ಅಂಗೈಯನ್ನು ಗಾಳಿ ಬಿಡುವ ಸೀಳಿನ ಮುಂದೆ ಹಿಡಿದೆ. ಒಳಗೆ ಫ್ಯಾನು ಒದರುತ್ತಿತ್ತು, ಅಂಗೈಗೆ ಗಾಳಿಯೇ ತಾಗಲಿಲ್ಲ. ಅಂಗಡಿಯಲ್ಲಿ ಅವತ್ತು ನನ್ನ ಬೆರಳ ಕೂದಲು ಹಾರುವಂತೆ ಊದಿತ್ತು ಅದು. ಮೈ ಸುಡುತ್ತಿದೆ, ಉಸಿರು ಹೊರಗೆ ಬರುತ್ತಿಲ್ಲ. ಇಂಥದನ್ನು ನಾನು ಎಷ್ಟು ಕಂಡಿಲ್ಲ!

“ರೂಪಾ, ಬಂದ್ ಮಾಡು. ಇದು ದುಡಿಮಿ ಬಿಸಿ ಅಲ್ಲ. ದುಡಿಮಿ ಬಿಸಿ ಆದ್ರ ನಿಂತ ಮ್ಯಾಲ ಇಳೀತಿತ್ತು” ಎಂದೆ. “ಇದಕ್ಕ ಜ್ವರನ ಬಂದೈತಿ. ಮೂಗು ಕಟ್ಟೈತಿ.”

ಈ ಸಲ ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ. ಬುಡಮೇಲು ಮಾಡಿ, ಸಣ್ಣ ಸ್ಕ್ರೂಡ್ರೈವರ್ ತಂದು ತಳ ಬಿಚ್ಚಿದಳು. ನಮ್ಮ ಕಿಟಕಿ ರಸ್ತೆಗೆ ಮುಖ ಮಾಡಿದ್ದು. ಸುಗ್ಗಿಯ ಜೋಳದ ಹೊಟ್ಟು, ಟ್ರ್ಯಾಕ್ಟರಿನ ಧೂಳು ಎಲ್ಲ ನಾಲ್ಕು ವರ್ಷ ಅಲ್ಲೇ ಒಳಗೆ ಹೋಗಿ ಬೀಡುಬಿಟ್ಟಿತ್ತು. ಅವಳು ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳಲ್ಲಿ ಹಿಡಿದಳು, ನಾನು ನನ್ನ ದಾಡಿಯ ಬ್ರಶ್ಶು ಒಣಗಿಸಿ ತಂದು ಮೆಲ್ಲಗೆ ಸವರಿದೆ. ಸೀಳಿನಿಂದ ಕಂಬಳಿಯ ಚೂರಿನಂಥ ಒಂದು ಧೂಳಿನ ಪದರು ಇಡಿಯಾಗಿ ಕಳಚಿ ಬಂತು. ಹೆಂಡತಿ ಬಾಗಿಲಲ್ಲಿ ನಿಂತು, “ಆ ಬ್ರಶ್ ಇನ್ನ ಮಾರಿಗೆ ಹಚ್ಚೀರಿ ಮತ್ತ!” ಎಂದಳು.

ತಳ ಮುಚ್ಚಿ ಹಚ್ಚಿದಾಗ ಅದು ಒಂದು ದೀರ್ಘ ಉಸಿರು ಬಿಟ್ಟಿತು. ಬಿಸಿ ಗಾಳಿ ಅಂಗೈಗೆ ರಪ್ಪನೆ ಬಡಿಯಿತು. ನಾನು ಕೈ ತೆಗೆಯಲಿಲ್ಲ. ಬಿಸಿಯಲ್ಲೂ ಎರಡು ಜಾತಿ ಉಂಟು. ನನಗೆ ಗೊತ್ತಿದ್ದದ್ದು ಒಂದೇ, ಇನ್ನೊಂದನ್ನು ಕಲಿಸಿದವನು ಮಲ್ಲಪ್ಪ. ಅದನ್ನು ಆತನಿಗೆ ಹೇಳುವ ಅವಸರವೇನೂ ನನಗಿಲ್ಲ.

ಕಾರು ತಿರುವು ದಾಟಿತು, ಮುಗ್ಗರಿಸಲಿಲ್ಲ. ರೂಪಾ ಪರದೆಯಿಂದ ಕಣ್ಣು ತೆಗೆಯದೆ, ಮಂಚದ ಮೇಲೆ ಇನ್ನೂ ಹತ್ತಿಕೊಂಡೇ ಇದ್ದ ಫೋನಿನತ್ತ ಕೂಗಿದಳು: “ಕಾಕಾ, ಆತು! ಅಪ್ಪ ಮುಟ್ಟಿ ನೋಡಿದ್ರು, ಮುಗೀತು!”

ಆ ಕಡೆ ಮಲ್ಲಪ್ಪನ ಅಂಗಡಿಯಲ್ಲಿ ಯಾರೋ ಗೊಬ್ಬರ ಕೇಳುವುದು ಕೇಳಿಸಿತು, ಆತ ಉತ್ತರ ಕೊಡುವುದು ಕೇಳಿಸಲಿಲ್ಲ. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ಅದು ನನ್ನ ಹತ್ತಿರವೇ ಇತ್ತು. ಆಮೇಲೆ ಆತ ಕೆಮ್ಮಿ, “ಛಲೋ ಆತ್ರಿ ಅಣ್ಣಾರ” ಎಂದ.

ನಾನು ಫೋನೆತ್ತಿ ಕಿವಿಗೆ ಹಿಡಿದೆ. “ಮಲ್ಲಪ್ಪ, ಯಾಕೋ ನಿನ್ನ ದನಿ ಬಿಸಿ ಅನಸ್ತೈತಿ. ಬಂದು ಹೋಗು, ಮುಟ್ಟಿ ನೋಡ್ತೀನಿ” ಎಂದೆ.