ಗಂಟಲು ನೋಡಿ ಕೊಟ್ಟ ತೀರ್ಪು

ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ, ಹಿಟ್ಟಿನ ಗಿರಣಿಗೆ ತಾಗಿಕೊಂಡ ಹಾಗೆ, ನನ್ನದೊಂದು ಟೈಲರ್ ಅಂಗಡಿ ಇತ್ತು. ವಾರದಲ್ಲಿ ಆರು ದಿನ ನಾನು ಜನರ ಅಳತೆ ತೆಗೆಯುತ್ತಿದ್ದೆ. ಭಾನುವಾರ ಅದೇ ಜನ ಮೈದಾನದ ಸುತ್ತ ನಿಂತು ನನ್ನ ಹುಟ್ಟು ಜಾತಕ ಜಾಲಾಡುತ್ತಿದ್ದರು. ಯಾಕೆಂದರೆ ಭಾನುವಾರ ನಾನು ಕಬಡ್ಡಿ ರೆಫ್ರಿ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿದ ಕಾಲ ಅದು. ಗದ್ದೆ ಕೊಯ್ಲು ಮುಗಿದದ್ದೇ ತಡ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಪಂದ್ಯ ಶುರು. ಹರೆಯದಲ್ಲಿ ನಾನೂ ಆಡಿದವನೇ; ಮೊಣಕಾಲು ಕೈಕೊಟ್ಟ ಮೇಲೆ ಸೀಟಿ ಹಿಡಿದೆ. ಆದರೆ ನನ್ನನ್ನು ಕರೆಯುತ್ತಿದ್ದುದು ನನ್ನ ಜ್ಞಾನ ನೋಡಿ ಅಲ್ಲ. ನಮ್ಮ ಕಡೆ ಯಾವ ಎರಡು ಊರು ತೆಗೆದುಕೊಂಡರೂ ಆಚೆಯವರಿಗೂ ಈಚೆಯವರಿಗೂ ನೆಂಟಸ್ತಿಕೆ. ಭಾವಮೈದುನನಿಗೆ ಔಟ್ ಕೊಟ್ಟು ಮನೆಗೆ ಹೋದವನಿಗೆ ಹೆಂಡತಿ ಅನ್ನ ಬಡಿಸಬೇಕಲ್ಲ? ನಾನು ಸಾಬರವನು. ಮೇಗುಂದದಲ್ಲಿ ನನಗೆ ಮಾವ ಇರಲಿಲ್ಲ, ನೆಮ್ಮಾರಿನಲ್ಲಿ ಷಡ್ಡಕ ಇರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ನಾನು ಬಹಳ ನ್ಯಾಯವಂತ. ಆ ಹೆಸರು ಮೊದಲ ಸೀಟಿ ಊದುವವರೆಗೆ ಇರುತ್ತಿತ್ತು.

ಆಮೇಲೆ ಶುರುವಾಗುತ್ತಿತ್ತು ಮಂಗಳಾರತಿ. ಚಡ್ಡಿ ಹೊಲಿಯಲು ಹೋಗಿ ಎನ್ನುವವರು, ಕತ್ತರಿ ಬಿಟ್ಟು ಸೀಟಿ ಯಾಕೆ ಹಿಡಿದಿರಿ ಎನ್ನುವವರು. ನನ್ನ ಕೈಯಲ್ಲೇ ಹೊಲಿಸಿದ ಅಂಗಿ ತೊಟ್ಟು ನನಗೇ ಬೈಯುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಮೈಕ್ ಇಲ್ಲದೆ ನಾನೊಬ್ಬ ಎಷ್ಟು ಜನರಿಗೆ ಉತ್ತರ ಕೊಡಲಿ? ಸೋಮವಾರ ಅಂಗಡಿಗೆ ಬಂದಾಗ ಉತ್ತರ ಕೊಡುತ್ತಿದ್ದೆ. ಅಂಗಿ ಆಯ್ತಾ ಎಂದರೆ ನಾಳೆ ಎನ್ನುತ್ತಿದ್ದೆ. ಮರುದಿನವೂ ನಾಳೆ. ತುಂಬಾ ಬೈದವರಿಗೆ ಐದು ನಾಳೆ ಆದದ್ದುಂಟು.

ಎಲ್ಲರಿಗಿಂತ ದೊಡ್ಡ ಕಾಟ ಒಬ್ಬ ಮೇಷ್ಟ್ರದು. ಹೆಡ್ಮಾಸ್ಟರಾಗಿ ನಿವೃತ್ತರಾದವರು. ಯಾವ ಊರಲ್ಲಿ ಪಂದ್ಯ ಇರಲಿ, ಬಸ್ಸು ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೈಯಲ್ಲಿ ಕೊಡೆ, ಜೇಬಿನಲ್ಲಿ ಕಬಡ್ಡಿ ನಿಯಮದ ಪುಟ್ಟ ಪುಸ್ತಕ. ನಾನು ಸೀಟಿ ಊದಿದರೆ ಸಾಕು, ಕೊಡೆ ಮೇಲೆ ಹೋಗುತ್ತಿತ್ತು. ಬೇರೆಯವರು ಬೈದು ಸುಮ್ಮನಾಗುತ್ತಿದ್ದರು, ಇವರು ಪುಟ ಸಂಖ್ಯೆ ಹೇಳಿ ಬೈಯುತ್ತಿದ್ದರು.

ಇಷ್ಟಾದರೂ ನಾನು ತಣ್ಣಗಿರುತ್ತಿದ್ದೆ. ಸಾಬ್ರಿಗೆ ಎಂತಾ ತಾಳ್ಮೆ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ತಾಳ್ಮೆ ಗೀಳ್ಮೆ ಏನೂ ಇಲ್ಲ. ಒಂದು ಮಳೆಗಾಲ ಕಿವಿ ಸೋರಿ ಸೋರಿ ನನ್ನ ಎಡಗಿವಿ ಪೂರ್ತಿ ಹೋಗಿತ್ತು. ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಮೈದಾನದಲ್ಲಿ ನಾನು ಜನರ ಕಡೆಗೆ ಎಡಗಿವಿ, ಆಟದ ಕಡೆಗೆ ಬಲಗಿವಿ ಇಟ್ಟು ನಿಲ್ಲುತ್ತಿದ್ದೆ. ಎರಡು ವರ್ಷ ನಾನು ಸ್ವರ್ಗದಲ್ಲಿದ್ದೆ. ಮೇಷ್ಟ್ರು ಪುಟ ಹೇಳುತ್ತಲೇ ಇದ್ದರು, ನನಗೆ ಕೊಡೆ ಮಾತ್ರ ಕಾಣುತ್ತಿತ್ತು.

ಆಮೇಲೆ ಬಲಗಿವಿಯೂ ಮಂದವಾಗತೊಡಗಿತು. ಹತ್ತಿರ ಬಂದು ಮಾತಾಡಿದರೆ ಕೇಳುತ್ತಿತ್ತು, ಗದ್ದಲದಲ್ಲಿ ಏನೂ ಇಲ್ಲ. ಈಗ ಫಜೀತಿ ಶುರುವಾಯಿತು. ಕಬಡ್ಡಿಯಲ್ಲಿ ರೈಡ್ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ವಾಪಸ್ ಬರಬೇಕು. ಅದಕ್ಕೇ ನಮ್ಮವರು ದಮ್ಮು ಎನ್ನುವುದು. ದಮ್ಮು ತುಂಡಾದರೆ ಔಟ್. ತುಂಡಾಯಿತೋ ಇಲ್ಲವೋ ಎಂದು ಕೇಳಿಸಿಕೊಳ್ಳಬೇಕಾದವನು ರೆಫ್ರಿ. ಗೆರೆ ಹತ್ತಿರ ಇನ್ನಿಬ್ಬರು ಇರುತ್ತಿದ್ದರು ನಿಜ, ಆದರೆ ಅವರು ಗೆರೆ ಬಿಟ್ಟು ಬೇರೆ ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ಕೇಳದ ರೆಫ್ರಿ ಸೀಟಿ ಬಿಡಬೇಕಾದ್ದು ಧರ್ಮ. ಹೆಂಡತಿ ಅದನ್ನೇ ಹೇಳಿದಳು. ನನಗೆ ಆ ಸೀಟಿಯ ಮೇಲೆ ಎಂಥ ಆಸೆ ಇತ್ತೆಂದರೆ, ಆ ವಾರ ಅವಳ ಕಡೆಗೂ ಎಡಗಿವಿ ಇಟ್ಟುಕೊಂಡೇ ಓಡಾಡಿದೆ.

ಒಂದು ದಿನ ಗಿರಾಕಿಯೊಬ್ಬರ ಕಾಲರ್ ಅಳತೆ ತೆಗೆಯುತ್ತಿದ್ದಾಗ ಉಪಾಯ ಹೊಳೆಯಿತು. ಮಾತಾಡುವ ಮನುಷ್ಯನ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತದೆ. ಕಬಡ್ಡಿ ಕಬಡ್ಡಿ ಎನ್ನುವಾಗಲಂತೂ ಕುಣಿಯುತ್ತದೆ. ಅದು ನಿಂತರೆ ದಮ್ಮು ನಿಂತ ಹಾಗೆ. ಇಪ್ಪತ್ತು ವರ್ಷ ಕುತ್ತಿಗೆಗಳನ್ನೇ ನೋಡಿದ ನನ್ನ ಕಣ್ಣಿಗೆ ಇದೇನು ಕಷ್ಟ?

ಕಷ್ಟ ಆದದ್ದು ಟವೆಲ್ಲು, ಮಫ್ಲರು, ಕಾಲರ್ ಬನಿಯನ್ನುಗಳಿಂದ. ಚಳಿಗಾಲದಲ್ಲಿ ಅರ್ಧ ಜನ ಕುತ್ತಿಗೆಗೆ ಏನಾದರೂ ಸುತ್ತಿಕೊಂಡೇ ಆಡುತ್ತಿದ್ದರು. ಮುಂದಿನ ಭಾನುವಾರ ಎರಡೂ ತಂಡಗಳನ್ನು ಕರೆದು, ಹೊಸ ರೂಲ್ಸು ಬಂದಿದೆ, ಇನ್ನು ಮೇಲೆ ಆಟಗಾರರು ಕುತ್ತಿಗೆ ಬಿಟ್ಟು ಆಡಬೇಕು ಎಂದೆ. ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದೇಬಿಟ್ಟರು, ಯಾವ ಪುಟದಲ್ಲಿದೆ ತೋರಿಸಿ ಎಂದು. ಪುಸ್ತಕದಲ್ಲಿ ಇಲ್ಲ ಮೇಷ್ಟ್ರೆ, ಬೆಂಗಳೂರಿನಿಂದ ಸುತ್ತೋಲೆ ಬಂದಿದೆ ಎಂದೆ. ಜೀವಮಾನವೆಲ್ಲ ಸುತ್ತೋಲೆಗೆ ಸಹಿ ಹಾಕಿದ ಮನುಷ್ಯ, ತೆಪ್ಪಗೆ ಹೋಗಿ ಕೂತರು. ಒಂದೇ ತಿಂಗಳಲ್ಲಿ ಶೃಂಗೇರಿಯವರೂ ನರಸಿಂಹರಾಜಪುರದವರೂ ನನ್ನ ಸುತ್ತೋಲೆಯನ್ನು ಜಾರಿಗೆ ತಂದರು. ನಾನೇ ಇಲ್ಲದ ಪಂದ್ಯಗಳಲ್ಲೂ ಜನ ಚಳಿಯಲ್ಲಿ ಕುತ್ತಿಗೆ ಬಿಟ್ಟುಕೊಂಡು ನಡುಗುತ್ತ ಆಡಿದರು. ಗಡ್ಡ ಬಿಟ್ಟವರ ವಿಷಯದಲ್ಲಿ ಮಾತ್ರ ಏನೂ ಮಾಡಲಾಗಲಿಲ್ಲ. ನನಗೇ ಎದೆವರೆಗೆ ಗಡ್ಡ ಇರುವಾಗ ಇನ್ನೊಬ್ಬನಿಗೆ ಬೋಳಿಸು ಎನ್ನುವುದು ಹೇಗೆ?

ಹೀಗೆ ಎರಡು ವರ್ಷ ನಡೆಯಿತು. ಆ ಎರಡು ವರ್ಷ ಮೂರೂ ತಾಲೂಕಿನಲ್ಲಿ ಹೆಸರು ಮಾಡಿದ ರೈಡರ್ ಅಂದರೆ ಮೇಗುಂದದ ಒಬ್ಬ ಯುವಕ. ನಾಟಾ ಡಿಪೋದಲ್ಲಿ ಲಾರಿಗೆ ಮರ ತುಂಬುವ ಕೆಲಸ. ಎದುರು ತಂಡದ ಮೂಲೆವರೆಗೆ ಹೋಗಿ, ಅಲ್ಲೇ ನಿಂತು ಸುತ್ತಾಡಿ, ಆರಾಮಾಗಿ ವಾಪಸ್ ಬರುತ್ತಿದ್ದ. ಇವನಿಗೆಷ್ಟು ದಮ್ಮಿರಬಹುದು ಎಂದು ನನಗೇ ಆಶ್ಚರ್ಯ. ಎದುರಿನವರು ತಲೆ ತಲೆ ಚಚ್ಚಿಕೊಂಡು ನನ್ನ ಸುತ್ತ ಮುತ್ತಿಕೊಳ್ಳುತ್ತಿದ್ದರು, ಮೇಷ್ಟ್ರ ಕೊಡೆ ಗಾಳಿಯಲ್ಲೇ ಇರುತ್ತಿತ್ತು. ನಾನು ಜಗ್ಗಲಿಲ್ಲ. ಅವನ ಗಂಟಲು ಆಡುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡಿದ್ದೆ. ಹೊಟ್ಟೆಕಿಚ್ಚಿನ ಜನ ಎಂದುಕೊಂಡೆ.

ಆ ವರ್ಷ ಫೈನಲ್ ನರಸಿಂಹರಾಜಪುರದಲ್ಲಿ, ಅವರಿಗೂ ಮೇಗುಂದಕ್ಕೂ. ಜಿಲ್ಲಾ ತಂಡಕ್ಕೆ ಒಬ್ಬನನ್ನು ಆರಿಸಲು ಚಿಕ್ಕಮಗಳೂರಿನಿಂದ ಇಬ್ಬರು ಬಂದು ಕುರ್ಚಿಯಲ್ಲಿ ಕೂತಿದ್ದರು. ಜಿಲ್ಲಾ ತಂಡಕ್ಕೆ ಹೋದರೆ ಪೊಲೀಸಿನಲ್ಲೋ ಬಸ್ಸಿನ ಇಲಾಖೆಯಲ್ಲೋ ಒಂದು ಕೆಲಸ ಆಗುತ್ತದೆ ಎಂಬ ಮಾತಿತ್ತು. ಮೇಗುಂದದ ರೈಡರ್ ಬೆಳಿಗ್ಗೆಯಿಂದ ಅನ್ನ ಮುಟ್ಟಿರಲಿಲ್ಲವಂತೆ. ಮರ ಹೊತ್ತು ಹೊತ್ತು ಅವನ ಅಪ್ಪನ ಬೆನ್ನು ಬಾಗಿದ್ದನ್ನು ಎಲ್ಲರೂ ನೋಡಿದ್ದರು. ತನ್ನದೂ ಹಾಗಾಗಬಾರದು ಎಂಬುದೊಂದೇ ಅವನಿಗೆ.

ಕೊನೆಯ ರೈಡಿಗೆ ಮೇಗುಂದ ಒಂದು ಅಂಕ ಹಿಂದೆ. ಇವನೇ ಹೋದ. ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ನಾಲ್ಕು ಜನ ಮೇಲೆ ಬಿದ್ದರು. ಇವನು ಮುಖ ಅಡಿಗೆ ಹಾಕಿ, ನಾಲ್ವರನ್ನೂ ಹೊತ್ತುಕೊಂಡು ಮಣ್ಣಿನಲ್ಲಿ ತೆವಳಿದ. ಇಂಚು ಇಂಚಾಗಿ ಬಂದು ನಡುಗೆರೆಗೆ ಕೈ ಮುಟ್ಟಿಸಿದ. ದಮ್ಮು ಇದ್ದರೆ ಪಂದ್ಯ ಅವನದು, ಇಲ್ಲದಿದ್ದರೆ ಔಟ್. ನಾನು ಬಗ್ಗಿ ನೋಡಿದೆ. ಗಂಟಲು ಎಲ್ಲಿ ಕಾಣಬೇಕು? ಕಂಡದ್ದು ಬರೀ ಬೆನ್ನುಗಳು. ಜನರ ಕೂಗಿಗೆ ನೆಲವೇ ಅದುರುತ್ತಿತ್ತು. ಇಷ್ಟು ಹೊತ್ತು ಯಾವ ಮನುಷ್ಯನ ದಮ್ಮೂ ಇರಲಾರದು ಎಂದು ಲೆಕ್ಕ ಹಾಕಿ ಔಟ್ ಕೊಟ್ಟೆ.

ಅವನು ಎದ್ದು ನಿಂತು ಒಂದು ಸಲ ನನ್ನನ್ನು ನೋಡಿದ. ಮಣ್ಣು ಕೊಡವಿಕೊಂಡು ಹೊರಗೆ ಹೋದ. ಚಿಕ್ಕಮಗಳೂರಿನವರು ಇನ್ನೊಬ್ಬನ ಹೆಸರು ಬರೆದುಕೊಂಡರು. ನನ್ನ ಎದೆ ಧಸಕ್ಕೆಂದದ್ದು ಮೇಷ್ಟ್ರನ್ನು ನೋಡಿ. ಎರಡು ವರ್ಷದಿಂದ ಇವನನ್ನು ಔಟ್ ಮಾಡಿ ಎಂದು ಕೊಡೆ ಬೀಸಿದವರು ಇವತ್ತು ಅವನ ಪರವಾಗಿ ಮೈದಾನದ ಮಧ್ಯಕ್ಕೇ ನುಗ್ಗಿ ಬಂದಿದ್ದರು. ರೆಫ್ರಿ ಹೇಳಿದ್ದೇ ಕೊನೆ ಎಂದು ಹೇಳಿ ಕಳಿಸಿದೆ. ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ ಆ ರೈಡರ್ ಅಂಗಡಿಗೆ ಬಂದ. ಬಟ್ಟೆ ಮುಂದಿಟ್ಟು ಅಂಗಿ ಹೊಲಿಯಬೇಕು ಎಂದ. ಪಕ್ಕದ ಗಿರಣಿ ಡಗಡಗ ಓಡುತ್ತಿತ್ತು. ಅವನ ಹಿಂದೆ ನಿಂತು ಕುತ್ತಿಗೆಗೆ ಟೇಪು ಸುತ್ತಿದೆ. ಟೇಪಿನ ಅಡಿಯಲ್ಲಿ ಗಂಟಲು ಆಡುತ್ತಿದ್ದುದು ಬೆರಳಿಗೆ ತಿಳಿಯಿತು. ಏನೋ ಮಾತಾಡುತ್ತಿದ್ದಾನೆ ಎಂದು ಹೂಂ ಹೂಂ ಎಂದೆ. ಅವನು ತಿರುಗಿ, ನೇರವಾಗಿ ನನ್ನ ಬಲಗಿವಿಯ ಹತ್ತಿರ ಬಂದ.

"ಸಾಬ್ರೆ, ಈಗ ನಾನು ಬಾಯಲ್ಲಿ ಕಬಡ್ಡಿ ಹೇಳ್ತಿದ್ನೋ, ಬರೀ ಗಂಟಲು ಆಡಿಸ್ತಿದ್ನೋ?"

ಅವನು ನಕ್ಕ. ಕುತ್ತಿಗೆಯ ರೂಲ್ಸು ತಂದ ದಿನವೇ ಅವನಿಗೆ ಅನುಮಾನ ಬಂದಿತ್ತಂತೆ. ಈ ಮನುಷ್ಯ ಮುಖ ಬಿಟ್ಟು ಕುತ್ತಿಗೆ ಯಾಕೆ ನೋಡುತ್ತಾನೆ ಎಂದು. ಒಂದು ದಿನ ಪರೀಕ್ಷೆಗೆಂದು ದಮ್ಮು ಮುಗಿದ ಮೇಲೂ ತುಟಿ, ಗಂಟಲು ಆಡಿಸುತ್ತ ಬಂದನಂತೆ. ನಾನು ಸುಮ್ಮನಿದ್ದೆನಂತೆ. ಅಲ್ಲಿಂದ ಮುಂದೆ ಅದೇ ಅವನ ವಿದ್ಯೆ.

"ಎರಡು ವರ್ಷ ನಿಮ್ಮೆದುರು ಅರ್ಧಕ್ಕರ್ಧ ರೈಡು ಹಂಗೇ ಮಾಡಿದೀನಿ" ಎಂದ. ನಗು ನಿಂತಿತ್ತು. "ಮೊನ್ನೆಯದ್ದು ಮಾತ್ರ ಸತ್ಯ ಇತ್ತು ಸಾಬ್ರೆ. ಗೆರೆ ಮುಟ್ಟೋವರೆಗೂ ಹೇಳ್ತಾನೇ ಇದ್ದೆ."

ಅಂದರೆ ಎರಡು ವರ್ಷ ಆ ಜನ, ಆ ಮೇಷ್ಟ್ರು, ಬಾಯಿ ಹರಿದುಕೊಂಡು ಕೂಗಿದ್ದೆಲ್ಲ ನಿಜ. ನನ್ನ ಸೊಕ್ಕಿಗೆ ಬೆಂಕಿ ಬೀಳ. ಇವನು ಮಾಡಿದ ಮೋಸಕ್ಕೆಲ್ಲ ಸೈ ಎಂದು, ಇವನ ಒಂದೇ ಒಂದು ಸತ್ಯಕ್ಕೆ ನಾನು ಔಟ್ ಕೊಟ್ಟಿದ್ದೆ. ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಇದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ, ಆಗ ನಿಮ್ಮದು ಸೀಟಿ ಹೋಗುತ್ತದೆ, ನನ್ನದು ಆಟವೇ ಹೋಗುತ್ತದೆ ಎಂದ. ಅಳತೆ ಮರೆತುಹೋಗಿತ್ತು, ಇನ್ನೊಮ್ಮೆ ತೆಗೆದೆ. ಆ ಅಂಗಿಗೆ ಒಂದೂ ನಾಳೆ ಹೇಳಲಿಲ್ಲ.

ಸೀಟಿಯನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಯಲ್ಲಿಟ್ಟೆ. ಮೊಣಕಾಲು ಆಗುವುದಿಲ್ಲ ಮೇಷ್ಟ್ರೆ, ಇನ್ನು ನೀವೇ ಎಂದೆ. ಮತ್ತೊಂದು ಸುಳ್ಳು, ಇರಲಿ. ಪುಸ್ತಕ ಜೇಬಿಗಿಟ್ಟು ಮೇಷ್ಟ್ರು ಮೈದಾನಕ್ಕಿಳಿದರು. ಮೊದಲ ಪಂದ್ಯ ಮುಗಿದ ಮರುದಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಯಾರೋ ಅವರ ಕೊಡೆಯನ್ನೇ ಅಡಗಿಸಿದ್ದರಂತೆ. ಜನ ಹೀಗೆಲ್ಲ ಬಾಯಿಗೆ ಬಂದ ಹಾಗೆ ಮಾತಾಡುತ್ತಾರಾ ಮಾರಾಯ ಎಂದು ನನ್ನನ್ನೇ ಕೇಳಿದರು. ಚಹಾ ತರಿಸಿ ಕೊಟ್ಟೆ. ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮೇಷ್ಟ್ರಿಗೆ ಹಾವಿನ ಕಿವಿ. ಅವರೆದುರು ಮೇಗುಂದದವನ ವಿದ್ಯೆ ನಡೆಯಲಿಲ್ಲ. ಮೊದಲ ಪಂದ್ಯದಲ್ಲೇ ಮೂರು ಸಲ ದಮ್ಮು ತುಂಡಾಗಿ ಔಟಾದ. ಮೇಗುಂದದಲ್ಲಿ ಅವನು ಬೆಳಿಗ್ಗೆ ಎದ್ದು ದಿಬ್ಬ ಹತ್ತುತ್ತ ಕಬಡ್ಡಿ ಕಬಡ್ಡಿ ಎನ್ನುತ್ತಾನೆ, ಹುಚ್ಚು ಹಿಡಿದಿದೆ ಎಂದು ಅಲ್ಲಿಯ ಗಿರಾಕಿಗಳು ಹೇಳುತ್ತಿದ್ದರು. ನಾನು ತಲೆ ಎತ್ತದೆ ಮಿಷನ್ನು ತುಳಿಯುತ್ತಿದ್ದೆ.

ಮರುವರ್ಷದ ಫೈನಲ್ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ. ಚಿಕ್ಕಮಗಳೂರಿನವರು ಮತ್ತೆ ಬಂದು ಕುರ್ಚಿಯಲ್ಲಿ ಕೂತಿದ್ದರು. ನಾನು ಮೊದಲ ಸಲ ಜನರ ಮಧ್ಯೆ ನಿಂತೆ. ಪಕ್ಕದಲ್ಲಿದ್ದವನು ಗಿರಣಿಯವನು. ಮೇಗುಂದದವನು ರೈಡಿಗೆ ಹೋದ. ಮೂಲೆವರೆಗೆ ಹೋದ, ಅಲ್ಲಿ ನಿಂತ, ಒಬ್ಬನನ್ನು ಮುಟ್ಟಿದ, ಇನ್ನೊಬ್ಬ ಕಾಲಿಗೆ ಬಿದ್ದ, ಎಳೆದುಕೊಂಡೇ ಬಂದ. ಗಂಟಲು ಆಡುತ್ತಿತ್ತು. ನನಗೇನು ಗೊತ್ತು, ಅದು ಸತ್ಯವೋ ಸುಳ್ಳೋ? ಮೇಷ್ಟ್ರ ಬಾಯಲ್ಲಿ ಸೀಟಿ ಇತ್ತು, ಊದಲಿಲ್ಲ. ತಡೆಯಲಾಗದೆ ಗಿರಣಿಯವನ ತೋಳು ಹಿಡಿದು ಅವನ ದಮ್ಮು ಇತ್ತಾ ಎಂದು ಕೇಳಿ, ಬಾಯಿ ಹತ್ತಿರಕ್ಕೆ ಬಲಗಿವಿ ಒಡ್ಡಿದೆ.

"ಎಂತಾ ದಮ್ಮು ಮಾರಾಯ್ರೆ, ಇಲ್ಲಿವರೆಗೆ ಕೇಳ್ತು. ನಿಮಗೆ ಕೇಳ್ಲಿಲ್ವಾ?"

"ಇಲ್ಲ" ಎಂದೆ. "ನಂಗೆ ಕಿವಿ ಕೇಳೋದಿಲ್ಲ."

ಹೆಂಡತಿಗೆ ಬಿಟ್ಟರೆ ಇನ್ನೊಬ್ಬರಿಗೆ ನಾನಾಗಿ ಆ ಮಾತು ಹೇಳಿದ್ದು ಅದೇ ಮೊದಲು. ಅವನು ನನ್ನ ಬಲಗಡೆಗೆ ಬಂದು ನಿಂತು, ಆ ಹುಡುಗನ ಪ್ರತಿ ರೈಡಿಗೂ ನನ್ನ ಕಿವಿಗೆ ಬಾಯಿಟ್ಟು, ಇದೆ, ಇದೆ, ಇನ್ನೂ ಇದೆ ಎಂದು ಹೇಳುತ್ತ ಹೋದ.