ಲಿನ್ ಅವರ ಶುಕ್ರವಾರದ ವಿಮಾನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ವೆಂಬ್ಲಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಆಸ್ಪತ್ರೆಗಳಿಗೆ ಬೇಕಾದ ಗಾಲಿಕುರ್ಚಿಗಳನ್ನು ಚೀನಾದಿಂದ ತರಿಸುತ್ತಿದ್ದೆವು. ಒಮ್ಮೆ ಅಲ್ಲಿನ ಕಾರ್ಖಾನೆಯಿಂದ ಲಿನ್ ಎಂಬ ಐವತ್ತರ ಆಸುಪಾಸಿನ ಹೆಂಗಸು ಬೆಲೆ ಮಾತಾಡಲು ಬಂದರು.

"ಅವರ ವಿಮಾನ ಯಾವತ್ತು ಅಂತ ತಿಳಿದುಕೋ," ಎಂದರು ನನ್ನ ಬಾಸ್ ಡೇವಿಡ್. ಶುಕ್ರವಾರ ಸಂಜೆ ಎಂದು ಗೊತ್ತಾಯಿತು. ಹೊರಡುವ ಆತುರದಲ್ಲಿ ಬೆಲೆ ಇಳಿಸಿಯಾರು ಎಂದು ನಾಲ್ಕು ದಿನ ಮಾತು ಎಳೆದೆವು. ಟ್ಯಾಕ್ಸಿ ಬುಕ್ ಮಾಡುವ ನೆಪದಲ್ಲಿ ನಾನು ವಿಮಾನದ ಸಮಯವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಲಿನ್ ನಗುತ್ತಲೇ ಉತ್ತರಿಸುತ್ತಿದ್ದರು. ಬೆಲೆಯ ಮಾತು ಬಂದಾಗ ಮಾತ್ರ ಮೊದಲ ದಿನ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೂರಾಯಿತು. ಆಕೆ ಬಿಸಿನೀರು ತರಿಸಿಕೊಂಡು, ತಾವೇ ತಂದಿದ್ದ ಚಹಾ ಎಲೆ ಹಾಕಿ, ನಿಧಾನವಾಗಿ ಗುಟುಕರಿಸುತ್ತಿದ್ದರು. ನನಗೇ ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ವಿಮಾನ?"

"ಮುಂದಿನ ಬುಧವಾರಕ್ಕೆ ಬದಲಾಯಿಸಿಕೊಂಡೆ. ನೀವು ಮೂರನೇ ಸಲ ಕೇಳಿದಿರಲ್ಲ, ಅವತ್ತೇ," ಎಂದರು. ಆಮೇಲೆ ಡೇವಿಡ್ ಕಡೆ ತಿರುಗಿ, "ಸೋಮವಾರ ಆಸ್ಪತ್ರೆಯವರಿಗೆ ಉತ್ತರ ಕೊಡಬೇಕಾದವರು ನೀವಲ್ಲವೇ?" ಎಂದು ಮೆಲ್ಲಗೆ ಕೇಳಿದರು.

ಮೊದಲ ದಿನ ಊಟದ ಹೊತ್ತಿನಲ್ಲಿ ಡೇವಿಡ್ ತಾವೇ ಹೇಳಿಬಿಟ್ಟಿದ್ದ ಸಂಗತಿ ಅದು. ನಾಲ್ಕು ಗಂಟೆಗೆ ಆಕೆ ಹೇಳಿದ ಬೆಲೆಗೇ ಸಹಿ ಬಿತ್ತು. ಸಹಿಯಾದ ಮೇಲೆ, ಯಾರೂ ಕೇಳದೆಯೇ, ಬಿಡಿ ಚಕ್ರಗಳನ್ನು ಬಿಟ್ಟಿಯಾಗಿ ಕಳಿಸುತ್ತೇನೆಂದರು. ಸೋತವರ ಮಾನ ಉಳಿಸುವುದೂ ಅವರ ಲೆಕ್ಕದಲ್ಲಿತ್ತು. ಅಷ್ಟು ಚಂದವಾಗಿ ನನ್ನನ್ನು ಯಾರೂ ಸೋಲಿಸಿಲ್ಲ.

ಮನೆಗೆ ಬಂದವರನ್ನು ಯಾವಾಗ ಹೊರಡ್ತೀರಿ ಅಂತ ಕೇಳಬಾರದು ಎಂದು ನಮ್ಮಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ನಾನದನ್ನು ಬರೀ ಮರ್ಯಾದೆಯ ಮಾತು ಎಂದುಕೊಂಡಿದ್ದೆ.