ಅಕ್ಕ ಓದಿ ನಿಲ್ಲಿಸಿದ ಪುಟ

ಅಕ್ಕನ ಕಪಾಟು ಖಾಲಿ ಮಾಡುವಾಗ ಆ ಪುಸ್ತಕ ಸಿಕ್ಕಿತು. ತೆರೆದೊಡನೆ ಹೊಗೆಸೊಪ್ಪಿನ ಘಾಟು. ಇಷ್ಟು ವರ್ಷಗಳಾದರೂ ಹೋಗಿಲ್ಲ. ಪುಟಗಳ ನಡುವೆ ಬೀಡಿ ಕಟ್ಟುವ ನೂಲಿನ ಒಂದು ತುಂಡು ಇತ್ತು. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ...

ಆಗ ಪೈವಳಿಕೆಯ ನಮ್ಮ ಜಗಲಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಆರೇಳು ಹೆಂಗಸರು ಎಲೆ, ಹೊಗೆಸೊಪ್ಪು ಹರವಿದ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ನನ್ನ ಶಾಲೆ ನಾಲ್ಕನೆಯ ತರಗತಿಗೇ ನಿಂತಿತ್ತು. ಅಕ್ಕ ಹತ್ತರವರೆಗೆ ಕಲಿತಿದ್ದಳು. ಅವಳು ಕೆಲಸ ಬಿಟ್ಟು ನಮಗೆ ಪುಸ್ತಕ ಓದಿ ಹೇಳುವುದು, ಬದಲಿಗೆ ನಾವು ಒಬ್ಬೊಬ್ಬರೂ ಅವಳ ಪಾಲಿನ ಒಂದೊಂದು ಕಟ್ಟು ಬೀಡಿ ಕಟ್ಟಿಕೊಡುವುದು ಅಲ್ಲಿಯ ಕ್ರಮ.

ಆ ವರ್ಷ ಅವಳು ಓದುತ್ತಿದ್ದದ್ದು ಯಾವುದೋ ದೂರದೇಶದ ಹಳೆಯ ಕಾದಂಬರಿ, ಕನ್ನಡಕ್ಕೆ ಬಂದದ್ದು. ಅದರಲ್ಲಿ ಒಬ್ಬ ಮಂತ್ರವಾದಿ. ಅವನು ಇಲ್ಲಿ ಬೆಂಕಿ ಹೊತ್ತಿಸಿದರೆ ಎಲ್ಲೋ ಯಾರದೋ ಮನೆಯ ಒಲೆ ಆರುತ್ತಿತ್ತು. ಅದು ತಿಳಿದ ಮೇಲೆ, ಆ ಮನೆಯನ್ನು ಹುಡುಕಿಕೊಂಡು ಅವನು ಹೊರಡುತ್ತಾನೆ.

"ಅವನ ಮಂತ್ರಕ್ಕೆ ಬೀಡಿ ಕಟ್ಲಿಕ್ಕೆ ಬರ್ತದಾ ಕೇಳು ಮಾರಾಯ್ತಿ!" ಎಂದು ಚಿಕ್ಕಮ್ಮ ನಗಿಸಿದರು.

"ಬರ್ತದೆ ಚಿಕ್ಕಮ್ಮ. ಬೇರೆ ಯಾರದ್ದೋ ಬೆರಳು ಸವೀತದೆ, ಅಷ್ಟೆ," ಎಂದಳು ಅಕ್ಕ.

ಎಲ್ಲರೂ ನಕ್ಕರು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಬೆರಳು ಇವಳದ್ದು, ತಲೆ ಅವಳದ್ದು," ಎಂದರು. ತಮಾಷೆಗೆ ಹೇಳಿದ್ದೇ ಇರಬೇಕು. ನನಗೆ ಚುಚ್ಚಿತು. ಆ ದಿನ ಅಕ್ಕನ ಪಾಲಿಗೆ ನಾನು ಕಟ್ಟಿದ ಬೀಡಿಗಳಿಗೆ ಅರ್ಧದಷ್ಟೇ ಹೊಗೆಸೊಪ್ಪು ಹಾಕಿದೆ. ಒಳ್ಳೆಯ ನಾಲ್ಕನ್ನು ಹೊರಗೆ ಕಾಣುವಂತಿಟ್ಟು ಕಟ್ಟು ಬಿಗಿದೆ.

ಮರುದಿನ ಕಟ್ಟಿದ ಬೀಡಿ ಒಪ್ಪಿಸಲು ಹೋದಾಗ, ಬೀಡಿ ಬ್ರಾಂಚಿನಲ್ಲಿ ಪರೀಕ್ಷೆ ಮಾಡುವವರು ಆ ಕಟ್ಟು ಬಿಚ್ಚಿದರು. ಎಲ್ಲರೆದುರು ಬೀಡಿಗಳನ್ನು ಹಿಚುಕಿ ಕೆಳಗೆಸೆದರು. "ಇದೆಂತದು? ಓದುವವಳಿಗೆ ಬೀಡಿ ಎಂತಕ್ಕೆ?" ಎಂದರು. ನಾನು ಅಕ್ಕನ ಹಿಂದೆಯೇ ಸಾಲಿನಲ್ಲಿದ್ದೆ. ಬೇರೆಯವರು ಕಟ್ಟಿದ್ದು ಎಂದು ಅವಳು ಹೇಳಲಿಲ್ಲ. ಬಗ್ಗಿ ಒಂದು ಬೀಡಿ ಹೆಕ್ಕಿ, ಅದರ ತುದಿಯನ್ನು ನೋಡಿದಳು. ತುದಿ ಮಡಚಿದ ರೀತಿ ನೋಡಿದರೆ ಯಾರ ಕೈಯ ಬೀಡಿ ಎಂದು ನಮಗೆಲ್ಲ ಗೊತ್ತಾಗುತ್ತದೆ. ಅಕ್ಕ ತಲೆಯೆತ್ತಿ ನನ್ನನ್ನು ನೋಡಲಿಲ್ಲ.

"ಇನ್ನು ನಂದು ನಾನೇ ಕಟ್ತೇನೆ," ಎಂದಳು ಆ ಮಧ್ಯಾಹ್ನ. ಹೆಂಗಸರು ಎಷ್ಟು ಕೇಳಿಕೊಂಡರೂ ಪುಸ್ತಕ ತೆರೆಯಲಿಲ್ಲ. ಮನೆ ಹುಡುಕಿ ಬಂದಿದ್ದ ಮಂತ್ರವಾದಿ ಬಾಗಿಲು ತಟ್ಟುವ ಮೊದಲೇ ಆ ಮನೆಯ ಅಂಗಳದಲ್ಲೇ ನಿಂತುಬಿಟ್ಟ. ಆಮೇಲೆ ಬೇರೆ ಯಾವ ಪುಸ್ತಕವನ್ನೂ ಅವಳು ನಮಗೆ ಓದಲಿಲ್ಲ...

ಕಳೆದ ವರ್ಷ ಅವಳು ಹಾಸಿಗೆ ಹಿಡಿದಾಗ, ಕಣ್ಣು ಮಂಜಾಗಿತ್ತು. ಒಂದು ದಿನ ಕೇಳಿದಳು: "ಆ ಮಂತ್ರವಾದಿ ಬಾಗಿಲು ತಟ್ಟಿದನಾ ಇಲ್ವಾ? ನೀನು ಓದು ಮಾರಾಯ್ತಿ. ನಿನ್ನ ಬೀಡಿ ನಾನು ಕಟ್ತೇನೆ."

ಅವಳ ಕೈ ಚಮಚ ಹಿಡಿಯಲೂ ನಡುಗುತ್ತಿತ್ತು. ನಾನು ನಗಲಿಲ್ಲ. "ನನಗೆ ಅಷ್ಟೆಲ್ಲ ಓದ್ಲಿಕ್ಕೆ ಎಲ್ಲಿ ಬರ್ತದೆ?" ಎಂದು ಪಾತ್ರೆ ತೆಗೆದುಕೊಂಡು ಎದ್ದುಹೋದೆ. ತಡವರಿಸಿಕೊಂಡು ಓದಬಹುದಿತ್ತು. ಓದಿದರೆ ಆ ಬಾಗಿಲು ಬರುತ್ತದೆ, ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ ಎಂಬ ಹೆದರಿಕೆ. ಅವಳು ಮತ್ತೆ ಕೇಳಲಿಲ್ಲ.

ಈಗ ಓದಿ ಮುಗಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಲು ಹನ್ನೊಂದು ದಿನ ಬೇಕಾಯಿತು. ಅವನು ಬಾಗಿಲು ತಟ್ಟಿದ, ಅಕ್ಕ. ಯಾರು ಎಂದು ಒಳಗಿನಿಂದ ಕೇಳಿದರು. ನಿಮ್ಮ ಒಲೆ ಆರಿಸಿದವನು ನಾನೇ ಎಂದ. ಅವನು ಹೇಳಿದ್ದನ್ನು ಕೇಳಲು ಒಳಗೆ ಜನ ಇದ್ದರು...

ನೂಲನ್ನು ಅದು ಮೊದಲು ಇದ್ದ ಪುಟದಲ್ಲೇ ಮತ್ತೆ ಇಟ್ಟಿದ್ದೇನೆ.